ಡೆಕಾಲ್‌ಗೆ ಕನ್ನಡದಲ್ಲಿ ಏನನ್ನೋಣ? ಅಂಟಿಸುವುದಾ, ಇಳಿಸುವುದಾ?

ಗೆಳೆಯರೇ, ಒಂದು ಪದ ಬೇಕಿತ್ತು. ಜತೆಗೆ ಎರಡು ಕ್ರಿಯಾಪದ, ಹಾಕುವುದಕ್ಕೊಂದು, ತೆಗೆಯುವುದಕ್ಕೊಂದು.

ತೀರ್ಥಹಳ್ಳಿ ಹತ್ತಿರ ಮನೆಯಲ್ಲೇ ಗಾಳದ ಕೋಲು ಕಟ್ಟುತ್ತೇನೆ. ಹಿಂದಿನ ವಾಟೆ ಬಿದಿರಿನ ಕೋಲಲ್ಲ. ಕಾರ್ಬನ್ ಕೋಲು ತರಿಸಿ, ದಾರ ಹಾಯುವ ಬಳೆಗಳನ್ನು ನೂಲು ಸುತ್ತಿ ಕಟ್ಟಿ, ಮೇಲೆ ಎಪಾಕ್ಸಿ ಅನ್ನುವ, ಒಣಗಿ ಗಟ್ಟಿಯಾಗುವ ರಾಳ ಬಳಿದು, ಹಿಡಿಗೆ ಕಾರ್ಕ್ ಕೂರಿಸಿ ಮಾಡುವಂಥದ್ದು. ಹಿಡಿಯ ಮುಂದೆ ಹೆಸರೋ ಮೀನಿನ ಚಿತ್ರವೋ ಇರುತ್ತದಲ್ಲ, ಅದೇ ಡೆಕಾಲ್. ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಗಾಳ ಹಾಕುವಂತಿಲ್ಲ, ಆದರೆ ಅಲ್ಲಿ ಮೀನು ನೋಡಿ ಬಂದವರಿಗೆ ಕೋಲಿನ ಮೇಲೆ ಅದರ ಚಿತ್ರವಾದರೂ ಬೇಕು. ಇದನ್ನು ನಾವೆಲ್ಲ ಸ್ಟಿಕ್ಕರ್ ಅಂದುಬಿಡುತ್ತೇವೆ. ನನ್ನ ತಕರಾರು ಅಲ್ಲೇ.

ಹೋದ ಮಳೆಗಾಲದಲ್ಲಿ ಅಕ್ಕನ ಮಗ ಕೆಲಸ ಕಲಿಯಲು ಬಂದಿದ್ದ. ಪೇಟೆಗೆ ಹೊರಡುವಾಗ ‘ಸ್ಟಿಕ್ಕರ್ ಅಂಟಿಸಿಡು’ ಅಂತ ಚೀಟಿ ಬರೆದಿಟ್ಟೆ. ಸ್ಟಿಕ್ಕರ್ ಅಂದರೆ ಯಾರಾದರೂ ಏನು ಮಾಡುತ್ತಾರೋ ಅವನೂ ಅದನ್ನೇ ಮಾಡಿದ. ಕಾಗದದ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಎಳೆದ. ಈರುಳ್ಳಿಯ ಒಳಸಿಪ್ಪೆಯಂಥ ಪೊರೆ ಅದು, ಮೂರು ಚೂರಾಯಿತು. ತಪ್ಪು ಅವನದಲ್ಲ, ನಾನು ಬರೆದ ಪದದ್ದು.

ನಿಜವಾಗಿ ಆಗಬೇಕಾದದ್ದು ಇಷ್ಟು. ಚಿತ್ರವಿರುವ ಕಾಗದವನ್ನು ಅರ್ಧ ನಿಮಿಷ ನೀರಲ್ಲಿ ಬಿಡಬೇಕು. (ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದದ್ದಾದರೆ ಮೊದಲೇ ಅಕ್ರಿಲಿಕ್ ಸ್ಪ್ರೇ ಹೊಡೆದು ಒಣಗಿಸಬೇಕು, ಇಲ್ಲದಿದ್ದರೆ ಶಾಯಿ ಕದಡುತ್ತದೆ.) ಬೆರಳಿಟ್ಟು ಮೆಲ್ಲಗೆ ದೂಡಿದರೆ ಪೊರೆ ಕಾಗದದ ಮೇಲೆ ಜಾರತೊಡಗುತ್ತದೆ. ಆಗ ಕಾಗದವನ್ನು ಕೋಲಿಗೆ ತಾಗಿಸಿ ಹಿಡಿದು ಪೊರೆಯನ್ನು ಅತ್ತ ಜಾರಿಸಿ, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆಯಬೇಕು. ಒಳಗೆ ನೀರು ಉಳಿದರೆ ಮಂಜು ಕೂತ ಹಾಗೆ ಬೆಳ್ಳಗೆ ಕಾಣುತ್ತದೆ. ಪೂರ್ತಿ ಒಣಗಿದ ಮೇಲೇ ಎಪಾಕ್ಸಿ. ಕನ್ನಡ ಹೆಸರಾದರೆ ಇನ್ನೂ ಒಂದು ಕಷ್ಟ ಇದೆ. ಕೋಲು ಅಲ್ಲಿ ಕಿರುಬೆರಳಿನಷ್ಟೇ ದಪ್ಪ. ಒಬ್ಬರು ‘ಅಪ್ಪಯ್ಯ’ ಅಂತ ಬರೆಸಿದರು, ಅಕ್ಷರ ಕಣ್ಣೆದುರಿಗೆ ಬಂತು, ಒತ್ತುಗಳೆಲ್ಲ ಕೋಲಿನ ಅಡಿಗೆ ಹೋಗಿ ‘ಅಪಯ’ ಅಂತ ಓದಿಸಿಕೊಂಡಿತು. ಚಿಕ್ಕದು ಮಾಡಿ ಮತ್ತೆ ಮಾಡಿದೆ.

ಈ ಕೆಲಸದಲ್ಲಿ ಅಂಟಿಸುವುದು ಎಲ್ಲಿದೆ ಹೇಳಿ? ಡೆಕಾಲ್ ಅನ್ನುವುದು ಫ್ರೆಂಚಿನ ‘ಡೆಕಾಲ್ಕೊಮನಿ’ಯ ತುಂಡು. ಅಲ್ಲೂ ಮುಖ್ಯವಾದದ್ದು ಅಂಟಲ್ಲ, ಚಿತ್ರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವುದು. ಹಾಗಾಗಿ ನನಗೆ ‘ಇಳಿಸು’ ಹಿಡಿಸಿತು. ಆದರೆ ಗೋಡೆಯ ಫೋಟೋ ಇಳಿಸು ಅಂದರೆ ತೆಗೆದಿಡು ಅಂತ ಅಲ್ವಾ? ‘ಕೋಲಿಗೆ ಇಳಿಸು’ ಮತ್ತು ‘ಕೋಲಿನಿಂದ ಇಳಿಸು’ ಪೂರಾ ಉಲ್ಟಾ, ಅರ್ಥ ನಿಂತಿರುವುದು ಬರೀ ‘ಗೆ’ ಮೇಲೆ. ‘ತೆಗೆ’ಯದೂ ಇದೇ ಪಾಡು. ಫೋಟೋ ತೆಗೆ ಅಂದರೆ ಹೊಸದಾಗಿ ಹಿಡಿ ಅಂತಲೂ ಆಯಿತು, ಇದ್ದದ್ದನ್ನು ಎತ್ತು ಅಂತಲೂ ಆಯಿತು.

ಹೆಸರಿಗೆ ‘ಹಚ್ಚೆ’ ಅಂತ ಒಮ್ಮೆ ಅಂದುಕೊಂಡೆ. ಚಿಕ್ಕವರಿದ್ದಾಗ ಬಬಲ್‌ಗಮ್ ಜತೆ ಬರುತ್ತಿದ್ದ ಚೀಟಿಯನ್ನು ಒದ್ದೆ ಮಾಡಿ ಕೈಗೆ ಒತ್ತಿಕೊಳ್ಳುತ್ತಿದ್ದೆವಲ್ಲ, ಅದು ಇದರದೇ ಜಾತಿ. ಆದರೆ ಹಚ್ಚೆ ಚುಚ್ಚಿ ಹಾಕುವಂಥದ್ದು, ಜನ್ಮಕ್ಕೂ ಹೋಗದ್ದು. ಈಗ ‘ನೀರಚ್ಚು’ ಅಂತ ಬಳಸುತ್ತಿದ್ದೇನೆ. ನೋಟಿನೊಳಗಿನ ನೀರುಗುರುತಿನ ಜತೆ ಗೊಂದಲ ಆಗುತ್ತದಾ?

ಇನ್ನು ತೆಗೆಯುವ ಮಾತು. ಎಪಾಕ್ಸಿ ಬೀಳುವ ಮೊದಲಾದರೆ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ತಿಕ್ಕಿದರೆ ಬರುತ್ತದೆ, ‘ಒರೆಸು’ ಸಾಕು. ಎಪಾಕ್ಸಿ ಗಟ್ಟಿಯಾದ ಮೇಲೆ ಬೇರೆಯೇ ಕೆಲಸ. ಹೇರ್ ಡ್ರೈಯರ್‌ನಲ್ಲಿ ಹದವಾಗಿ ಬಿಸಿ ಮಾಡಿ, ಲೇಪ ಮೆತ್ತಗಾದಾಗ ಹೆಬ್ಬೆರಳ ಉಗುರಿನಿಂದ ಎಬ್ಬಿಸಿಕೊಂಡು ಹೋಗಬೇಕು. ಬಿಸಿ ಜಾಸ್ತಿಯಾದರೆ ಕೋಲೇ ಕೆಡುತ್ತದೆ, ಏಕೆಂದರೆ ಕಾರ್ಬನ್ ಎಳೆಗಳನ್ನು ಹಿಡಿದಿಟ್ಟಿರುವುದೂ ಅಂಥದೇ ರಾಳ. ಇದಕ್ಕೆ ‘ಕೀಳು’ ಅನ್ನಲು ಮನಸ್ಸಿಲ್ಲ, ಸಸಿ ಕಿತ್ತರೂ ಹಲ್ಲು ಕಿತ್ತರೂ ಬೇರುಸಮೇತ ಬರುತ್ತದೆ. ‘ಹೆರೆ’ ಅಂದರೆ ಹುಡುಗ ಬ್ಲೇಡು ಹಿಡಿದು ಕೂರುತ್ತಾನೆ, ಕೋಲಿಗೆ ಗೀರು ಬೀಳುತ್ತದೆ. ನನ್ನ ಮನಸ್ಸು ‘ಸುಲಿ’ ಕಡೆಗಿದೆ. ಹಣ್ಣಡಿಕೆ ಸುಲಿದಾಗ ಸಿಪ್ಪೆ ಬಿಡುತ್ತದೆ, ಒಳಗಿನ ಅಡಿಕೆಗೆ ಏನೂ ಆಗುವುದಿಲ್ಲ.

ಸಾಗರ, ಹೊಸನಗರ ಕಡೆ ಸೈಕಲ್ಲಿಗೆ, ಪೆಟ್ಟಿಗೆಗೆ ಹೀಗೆ ಚಿತ್ರ ಇಳಿಸುತ್ತಿದ್ದ ಹಿರಿಯರು ಇದ್ದರೆ, ಅವರ ಬಾಯಲ್ಲಿ ಇದಕ್ಕೆ ಏನು ಮಾತಿತ್ತು ಅಂತ ಕೇಳಿ ತಿಳಿಸಿ. ಅಕ್ಕನ ಮಗ ದಸರಾ ರಜೆಗೆ ಮತ್ತೆ ಬರುತ್ತಾನೆ, ಅಷ್ಟರಲ್ಲಿ ಚೀಟಿ ತಿದ್ದಿಡಬೇಕು.