ಸೋನಿಕ್ ಎದುರು ಮುಖ ಸರಿ ಬರುತ್ತೆ, ಓರೆ ಮುಖ ಯಾಕೆ ಕೆಡುತ್ತೆ?

ಗೀಚುಮರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೇ ಕ್ಲಾಸು. ಗೇಮ್ ಕ್ಯಾರೆಕ್ಟರ್‌ಗಳ ಚಿತ್ರ ಬರೀತೀನಿ, ಈಗ ಹೆಚ್ಚಾಗಿ ಸೋನಿಕ್, ಸೇಗಾ ಕಂಪನಿಯ ಗೇಮಿನ ನೀಲಿ ಮುಳ್ಳುಹಂದಿ. ಫೋನಿನಲ್ಲಿ ಚಿತ್ರ ಇಟ್ಟುಕೊಂಡು ನೋಡಿ ಬರೆದರೆ ಎದುರು ಮುಖ ಪರವಾಗಿಲ್ಲ. ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಸಾಕು, ಕಣ್ಣು ಚಪ್ಪಟೆ ಆಗುತ್ತೆ, ತಲೆ ಹಿಂದಿನ ಮುಳ್ಳುಗಳು ಆಮೇಲೆ ಅಂಟಿಸಿದ ಹಾಗೆ ಕಾಣುತ್ತವೆ. ಓಡೋ ಭಂಗಿ ಬರೆದರೆ ನಿಂತೇ ಇರ್ತಾನೆ. ಬಳಸೋದು ಎಚ್‌ಬಿ ಪೆನ್ಸಿಲ್, ಗೆರೆ ಇರೋ ನೋಟ್‌ಬುಕ್, ಮೇಲೆ ಕಪ್ಪು ಜೆಲ್ ಪೆನ್. ರಬ್ಬರ್ ಹಾಕಿದಾಗ ಪೆನ್ನಿನ ಇಂಕು ಹರಡಿಕೊಳ್ಳುತ್ತೆ. ಇನ್ನೊಂದು, ಟ್ರೇಸ್ ಮಾಡಿ ಕಲಿಯೋದು ತಪ್ಪಾ?

ಕರಿಗೆರೆ

ಮೊದಲು ಯಾವ ಸೋನಿಕ್ ಅಂತ ತೀರ್ಮಾನ ಮಾಡಿಕೋ. 1991ರ ಮೊದಲ ಗೇಮಿನವನು ಗಿಡ್ಡ, ದುಂಡು ಹೊಟ್ಟೆ, ಕಣ್ಣಿನ ಪಾಪೆ ಬರೀ ಕಪ್ಪು. 1998ರ ಸೋನಿಕ್ ಅಡ್ವೆಂಚರ್‌ನಿಂದ ಈಚಿನವನಿಗೆ ಕೈಕಾಲು ಉದ್ದ, ಕಣ್ಣು ಹಸಿರು, ಮುಳ್ಳು ಉದ್ದ. ಫೋನಿನಲ್ಲಿ ಹುಡುಕಿದರೆ ಇಬ್ಬರೂ ಕಲಸಿಕೊಂಡು ಬರ್ತಾರೆ. ಒಬ್ಬನ ತಲೆ, ಇನ್ನೊಬ್ಬನ ಕಾಲು ಸೇರಿದರೆ ಎಷ್ಟು ತಿದ್ದಿದರೂ ಎಲ್ಲೋ ತಪ್ಪಿದೆ ಅನ್ನಿಸುತ್ತಲೇ ಇರುತ್ತೆ. ಕಿವಿ, ಮುಳ್ಳು ಬಿಟ್ಟು ಬರೀ ತಲೆಯ ಎತ್ತರವನ್ನು ಒಂದು ಅಳತೆ ಅಂತ ಇಟ್ಟುಕೊಂಡರೆ ಹಳಬ ಸುಮಾರು ಎರಡೂವರೆ ತಲೆ, ಹೊಸಬ ಮೂರರ ಮೇಲೆ. ಚಿತ್ರದಿಂದ ಚಿತ್ರಕ್ಕೆ ಹೆಚ್ಚುಕಡಿಮೆ ಇರುತ್ತೆ, ಹಾಗಾಗಿ ನಿನ್ನ ಮುಂದೆ ಇರೋ ಚಿತ್ರದ ಮೇಲೇ ಪೆನ್ಸಿಲ್ ಇಟ್ಟು ಅಳೆದು ನೋಡು.

ಈಗ ತಲೆ. ನೀನು ನಕಲು ಮಾಡ್ತಿರೋದು ಹೊರಗೆರೆಯನ್ನು. ಎದುರು ಮುಖಕ್ಕೆ ಅಷ್ಟು ಸಾಕಾಗುತ್ತೆ, ಎಡ ಬಲ ಒಂದೇ ಥರ ಇರೋದರಿಂದ ತಪ್ಪು ಮುಚ್ಚಿಹೋಗುತ್ತೆ. ತಿರುಗಿದ ತಲೆಯಲ್ಲಿ ಅದು ನಡೆಯಲ್ಲ, ಒಳಗಿರೋ ಚೆಂಡು ಗೊತ್ತಿರಲೇಬೇಕು.

ಆ ಚೆಂಡಿಗೆ 6 ಸೆಂ.ಮೀ. ಅಗಲದ ವೃತ್ತ ಹಾಕು. ಎದುರು ಮುಖದಲ್ಲಿ ನಡುಗೆರೆ, ಅಂದರೆ ಮುಖವನ್ನು ಎಡ ಬಲ ಅಂತ ಭಾಗ ಮಾಡೋ ಗೆರೆ, ವೃತ್ತದ ನಡುವೆ ನೇರವಾಗಿ ಇಳಿಯುತ್ತೆ. ತಲೆ 30 ಡಿಗ್ರಿ ತಿರುಗಿದರೆ ಆ ಗೆರೆ ನಡುವಿನಿಂದ 1.5 ಸೆಂ.ಮೀ. ಪಕ್ಕಕ್ಕೆ ಸರಿಯುತ್ತೆ, 45 ಡಿಗ್ರಿ ಆದರೆ ಸುಮಾರು 2.1 ಸೆಂ.ಮೀ. ಸರಿಯೋದಷ್ಟೇ ಅಲ್ಲ, ಚೆಂಡಿನ ಮೇಲೆ ಬಾಗುತ್ತೆ: ಮೇಲಿನ ತುದಿ, ಕೆಳಗಿನ ತುದಿ ಇದ್ದಲ್ಲೇ ಇದ್ದು ಹೊಟ್ಟೆ ಮಾತ್ರ ಹೊರಗೆ ಬರುತ್ತೆ.

ಸೋನಿಕ್‌ಗೆ ಕಣ್ಣು ಎರಡಲ್ಲ ಅಂದುಕೊಂಡು ಬರಿ. ಚೆಂಡಿನ ಮೇಲೆ ಬಗ್ಗಿಸಿ ಹಾಸಿದ ಒಂದೇ ಬಿಳಿ ತುಂಡು ಅದು, ಎರಡು ಪಾಪೆ. ಮೇಲ್ಗಡೆ ಹುಬ್ಬಿನ ನೀಲಿ ಚೂಪಾಗಿ ಕೆಳಗಿಳಿಯೋ ಜಾಗ ಇದೆಯಲ್ಲ, ಅದು ನಡುಗೆರೆಯ ಮೇಲೇ ಬೀಳಬೇಕು. ನಿನ್ನ ಕಣ್ಣು ಚಪ್ಪಟೆ ಆಗೋದಕ್ಕೆ ಬಹುಪಾಲು ಕಾರಣ ಇದೇ ಇರಬೇಕು. ಮೂಗನ್ನು ಪಕ್ಕಕ್ಕೆ ಸರಿಸಿ ಆ ಚೂಪನ್ನು ವೃತ್ತದ ನಡುವೆಯೇ ಬಿಟ್ಟರೆ ಮುಖ ಎರಡು ದಿಕ್ಕಿಗೆ ನೋಡುತ್ತೆ. ಆಚೆ ಬದಿಯ ಕಣ್ಣಿನ ಅಗಲ 30 ಡಿಗ್ರಿಗೆ ಈಚೆ ಕಣ್ಣಿನ ಮೂರರಲ್ಲಿ ಎರಡು ಪಾಲು, 45ಕ್ಕೆ ಹೆಚ್ಚುಕಡಿಮೆ ಅರ್ಧ. ಎತ್ತರ ಕಡಿಮೆ ಮಾಡಬೇಡ, ಅಗಲ ಮಾತ್ರ. ಆಚೆ ಪಾಪೆಯೂ ಅಷ್ಟೇ ಕಿರಿದಾಗಬೇಕು.

ಮೂತಿ ಚೆಂಡಿನ ಮುಂದೆ ಉಬ್ಬಿದ ಇನ್ನೊಂದು ಚಿಕ್ಕ ಮೊಟ್ಟೆಯಾಕಾರ. ಮುಂದೆ ಚಾಚಿರೋದರಿಂದ ಮೂಗು ನಡುಗೆರೆಯ ಮೇಲೆ ನಿಲ್ಲಲ್ಲ, ಇನ್ನೂ 3–4 ಮಿ.ಮೀ. ಆಚೆ ಹೋಗಿ ಕೆಲವೊಮ್ಮೆ ಆಚೆ ಕಣ್ಣಿನ ಅಂಚನ್ನು ಮುಚ್ಚುತ್ತೆ. ಮುಚ್ಚಲಿ ಬಿಡು, ಆಳ ಕಾಣೋದೇ ಅದರಿಂದ. ಬಾಯಿಯನ್ನು ಮೂತಿಯ ನಡುವೆ ಹಾಕಬೇಡ, ಸೇಗಾದ ಚಿತ್ರಗಳಲ್ಲಿ ಸಾಮಾನ್ಯವಾಗಿ ಒಂದು ಬದಿಗೇ ಇರುತ್ತೆ.

ಮುಳ್ಳುಗಳು ಅಂಟಿಸಿದ ಹಾಗೆ ಕಾಣೋದು ಹೊರಗೆರೆಯಿಂದ ಶುರು ಮಾಡಿದಾಗ. ನಡುಗೆರೆಯನ್ನು ನೆತ್ತಿಯ ಮೇಲಿಂದ ಚೆಂಡಿನ ಹಿಂಭಾಗಕ್ಕೂ ಎಳೆದುಕೋ. ಪಕ್ಕದಿಂದ ನೋಡಿದಾಗ ಎದ್ದು ಕಾಣೋ ಮೂರು ದೊಡ್ಡ ಮುಳ್ಳುಗಳ ಬುಡ ಆ ಗೆರೆಯ ಮೇಲಿದೆ. ಪ್ರತಿ ಬುಡಕ್ಕೂ ಒಂದು ಅಂಡಾಕಾರ, ಅದರ ನಡುವಿನಿಂದ ತುದಿಯವರೆಗೆ ಒಂದೇ ಬಾಗು ಗೆರೆ, ಆಮೇಲೆ ಎರಡು ಅಂಚು. ಮುಂದಿನದು ಹಿಂದಿನದರ ಬುಡವನ್ನು ಮುಚ್ಚಲಿ. ಮೂರೂ ಒಂದೇ ಉದ್ದ ಇದ್ದರೆ ಬಾಚಣಿಗೆ ಆಗಿಬಿಡುತ್ತೆ. ಮುಗಿದ ಮೇಲೆ ಮುಳ್ಳನ್ನು ನೋಡದೆ ಮುಳ್ಳುಗಳ ನಡುವಿನ ಖಾಲಿ ಜಾಗದ ಆಕಾರವನ್ನು ಮೂಲ ಚಿತ್ರದ ಜತೆ ಹೋಲಿಸು, ತಪ್ಪು ಬೇಗ ಸಿಗುತ್ತೆ.

ಧಾರವಾಡದ ಬ್ರಷ್

ತಲಿ ಬಗ್ಗೆ ಮ್ಯಾಲಿನವ್ರು ಸರಿಯಾಗಿ ಹೇಳ್ಯಾರ. ನಾ ಓಡೂದರ ಬಗ್ಗೆ ಹೇಳ್ತೇನಿ.

ಓಡು ಭಂಗಿ ನಿಂತಂಗ ಕಾಣತೈತಿ ಅಂದ್ರ ತಲಿ, ಸೊಂಟ, ಪಾದ ಮೂರೂ ಒಂದ ಕಂಬದ ಮ್ಯಾಲ ಬಂದಾವ ಅಂತ ತಿಳಕೋ. ದೊಡ್ಡ ಚಿತ್ರ ಶುರು ಮಾಡೂಕಿಂತ ಮೊದಲ 3–4 ಸೆಂ.ಮೀ. ಎತ್ತರದ ಸಣ್ಣ ಗೀಚು ಆರೇಳು ಹಾಕು. ಒಂದಕ್ಕ ಎರಡು ನಿಮಿಷ, ಅಷ್ಟ. ಕಣ್ಣು ಮೂಗು ಏನೂ ಬ್ಯಾಡ. ತಲಿಯಿಂದ ಹಿಂದಿನ ಕಾಲಿನ ತುದಿತನಕ ಒಂದ ಬಾಗಿದ ಗೆರಿ ಎಳಿ, ಆಮ್ಯಾಲ ತಲಿ, ಹೊಟ್ಟಿ ಅದರ ಮ್ಯಾಲ ಕೂಡಿಸು. ತಲಿ ಸೊಂಟಕ್ಕಿಂತ ಮುಂದ ಇರಬೇಕು, ಊರಿದ ಪಾದ ತಲಿ ಕೆಳಗ ಬರಬಾರದು, ಹಿಂದ ಬೀಳಬೇಕು. ಹಿಂದಿನ ಬೂಟು ನೆಲ ಬಿಟ್ಟಿರಲಿ. ಎರಡೂ ಬೂಟು ಒಂದ ಗೆರಿ ಮ್ಯಾಲ ಇಟ್ಟಿ ಅಂದ್ರ ಓಟ ಅಲ್ಲೇ ಮುಗೀತು.

ನಮ್ಮ ಕಡೆ ಬರೂ ಕಾಲಿನ ಬೂಟು ದೊಡ್ಡದು ಮಾಡು, ಹಿಂದಿಂದಕ್ಕಿಂತ ಒಂದೂವರೆ ಪಟ್ಟು ಆದ್ರೂ ಅಂಜಬ್ಯಾಡ. ಆ ಕಾಲಿನ ಕೊಳವಿ ಮಾತ್ರ ಗಿಡ್ಡ ಆಗಬೇಕು. ಬೂಟು ದೊಡ್ಡದು ಮಾಡಿ ಕಾಲು ಉದ್ದನೂ ಇಟ್ರ ಮುರದಂಗ ಕಾಣತೈತಿ. ಕೈಗವಸಿನ ಪಟ್ಟಿ, ಸಾಕ್ಸಿನ ಪಟ್ಟಿ ಎರಡೂ ಉದ್ದಿನವಡಿ ಆಕಾರ. ಅದರ ತೂತು ಯಾವ ಕಡೆ ಮಾರಿ ಮಾಡೇತಿ ಅನ್ನೂದ್ರ ಮ್ಯಾಲ ಕೈಕಾಲು ಯಾವ ದಿಕ್ಕಿಗೆ ಹೊಂಟಾವ ಅಂತ ತಿಳೀತದ. ಬರೇ ಎರಡು ಅಡ್ಡ ಗೆರಿ ಹಾಕಿದ್ರ ಆ ದಿಕ್ಕು ಕಳದು ಹೋಗತದ.

ಕಡೀಗೆ ಸಣ್ಣ ಗೀಚನ್ನ ಪೂರಾ ಕಪ್ಪು ತುಂಬು. ಕೈ ಹೊಟ್ಟಿ ಒಳಗ ಮುಳುಗಿ ಕಾಣಲಿಲ್ಲ ಅಂದ್ರ ಆ ಭಂಗಿ ಬಿಟ್ಟು ಬ್ಯಾರೆ ಹಾಕು.

ನೀಲಿಮಸಿ

ಸಾಮಾನಿನ ವಿಷಯ. ಗೆರೆ ಇರೋ ನೋಟ್‌ಬುಕ್ ಬಿಡು. ಅಡ್ಡ ಗೆರೆಗಳಿಗೆ ಕಣ್ಣು ಅಂಟಿಕೊಂಡು ತಿರುಗಿದ ತಲೆಯೂ ನೆಟ್ಟಗಾಗುತ್ತೆ. ಅಭ್ಯಾಸಕ್ಕೆ ಜೆರಾಕ್ಸ್ ಅಂಗಡಿಯ ಎ4 ಹಾಳೆ, 75 ಜಿಎಸ್‌ಎಂ (ಹಾಳೆಯ ತೂಕದ ಅಳತೆ) ಧಾರಾಳ ಸಾಕು. ಬಣ್ಣ ಹಾಕೋ ಚಿತ್ರಕ್ಕೆ ಮಾತ್ರ 130ಕ್ಕಿಂತ ದಪ್ಪದ ಕಾರ್ಟ್ರಿಡ್ಜ್ ಹಾಳೆ. ಒಳ ಚೆಂಡು, ನಡುಗೆರೆಗೆ ಎಚ್ ಅಥವಾ 2ಎಚ್ ಪೆನ್ಸಿಲ್ (ಎಚ್‌ಬಿಗಿಂತ ಗಟ್ಟಿ), ಆದರೆ ಒತ್ತಬಾರದು. 2ಎಚ್ ಒತ್ತಿದರೆ ಹಾಳೆಯಲ್ಲಿ ತಗ್ಗು ಬಿದ್ದು ರಬ್ಬರ್ ಹಾಕಿದರೂ ಬಣ್ಣದ ಪೆನ್ಸಿಲ್ ಅಡಿಯಲ್ಲಿ ಬಿಳಿ ಗೆರೆಯಾಗಿ ಎದ್ದು ಬರುತ್ತೆ.

ಜೆಲ್ ಇಂಕು ಹಾಳೆಯ ಮೇಲೇ ಕೂತಿರುತ್ತೆ, ತಡವಾಗಿ ಒಣಗುತ್ತೆ. ಅದಕ್ಕೇ ಹರಡೋದು. ಪಿಗ್ಮೆಂಟ್ ಇಂಕಿನ ಫೈನ್‌ಲೈನರ್ (ಸಣ್ಣ ತುದಿಯ ಪೆನ್) ಎರಡು ಸಾಕು: 0.3 ಒಳಗೆರೆಗೆ, 0.8 ಹೊರಗೆರೆಗೆ. ಅದಕ್ಕೂ ಹತ್ತು ನಿಮಿಷ ಬಿಟ್ಟು ರಬ್ಬರ್ ಹಾಕು. ನೀಲಿಗೆ ನೆರಳು ಕೊಡುವಾಗ ಕಪ್ಪು ಬೆರೆಸಿದರೆ ಕೊಳೆ ಕಾಣುತ್ತೆ, ಕಡು ನೀಲಿ ಅಥವಾ ನೇರಳೆ ಹಾಕು. ನೀರಿನ ಸ್ಕೆಚ್ ಪೆನ್ ಒಂದೇ ಕಡೆ ಎರಡು ಮೂರು ಸಲ ಉಜ್ಜಿದರೆ ತೆಳು ಹಾಳೆ ಸಿಪ್ಪೆ ಏಳುತ್ತೆ, ಅದು ಪೆನ್ನಿನ ತಪ್ಪಲ್ಲ.

ಟ್ರೇಸಿಂಗ್ ಬಗ್ಗೆ: ಹೊರಗೆರೆ ಟ್ರೇಸ್ ಮಾಡೋದರಿಂದ ಕೈಗೆ ಗೆರೆ ಸಿಗುತ್ತೆ, ತಲೆಗೆ ಏನೂ ಸಿಗಲ್ಲ.

ಕರಿಗೆರೆ

ಹೊರಗೆರೆ ಟ್ರೇಸ್ ಮಾಡೋದಕ್ಕೆ ಆ ಮಾತು ಒಪ್ಪುತ್ತೆ. ಒಳಗಿನದನ್ನು ಟ್ರೇಸ್ ಮಾಡಿದರೆ ಉಪಯೋಗ ಇದೆ. ಪ್ರಿಂಟ್ ಮೇಲೆ ಬಟರ್ ಪೇಪರ್ ಇಟ್ಟು ಚೆಂಡು, ನಡುಗೆರೆ, ಮುಳ್ಳುಗಳ ಬುಡದ ಅಂಡಾಕಾರ, ಕೈಕಾಲಿನ ಕೊಳವೆ, ಇಷ್ಟೇ ಎಳೆ. ಪ್ರಿಂಟ್ ತೆಗೆದಿಡು. ಆ ಅಸ್ಥಿಪಂಜರವನ್ನು ಪಕ್ಕದ ಹಾಳೆಯಲ್ಲಿ ಅದೇ ಅಳತೆಗೆ ಕೈಯಿಂದ ಬರೆದು ಮುಗಿಸು. ಕೊನೆಗೆ ಬಟರ್ ಪೇಪರನ್ನು ಮೇಲಿಟ್ಟು ತಪ್ಪಿದ ಜಾಗಗಳನ್ನು ಕೆಂಪು ಪೆನ್ನಲ್ಲಿ ಗುರುತಿಸು. ನಾಲ್ಕೈದು ಚಿತ್ರ ಆದ ಮೇಲೆ ಕೆಂಪು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೀಳ್ತಿರುತ್ತೆ. ಅಭ್ಯಾಸ ಅಲ್ಲಿಗೆ ಬೇಕು, ಇಡೀ ಚಿತ್ರಕ್ಕಲ್ಲ.

ಗೀಚುಮರಿ

ತುಂಬಾ ಥ್ಯಾಂಕ್ಸ್. ನನ್ನದರಲ್ಲಿ ಹುಬ್ಬಿನ ಚೂಪು ಸರಿಯಾಗಿ ವೃತ್ತದ ನಡುವೆಯೇ ಇದೆ! ಕೊನೆಯ ಪ್ರಶ್ನೆ: ಅಪ್ಪನ ಫೋನಲ್ಲಿ ಬೆರಳಿಂದ ಬಣ್ಣ ಹಾಕಬಹುದಾ? ಟ್ಯಾಬ್ಲೆಟ್ ಇಲ್ಲ.

ನೀಲಿಮಸಿ

ಹಾಕಬಹುದು. ಪೆನ್ಸಿಲ್ ಚಿತ್ರವನ್ನು ಕಿಟಕಿ ಬೆಳಕಲ್ಲಿ, ಫೋನ್ ಹಾಳೆಗೆ ಸಮವಾಗಿ ಹಿಡಿದು ಫೋಟೋ ತೆಗೆ. ಓರೆ ಹಿಡಿದರೆ ತಲೆ ಉದ್ದವಾಗುತ್ತೆ. ಚಿತ್ರ ಬರೆಯೋ ಆ್ಯಪ್ ಐಬಿಸ್ ಪೇಂಟ್‌ನಲ್ಲಿ 2480×3508 ಪಿಕ್ಸೆಲ್ ಹಾಳೆ ತೆರೆ, ಅದು 300 ಡಿಪಿಐನ (ಇಂಚಿಗೆ 300 ಚುಕ್ಕೆ) ಎ4. ಹಳೆಯ ಫೋನ್ ತಡವರಿಸಿದರೆ ಎರಡೂ ಅಳತೆ ಅರ್ಧ ಮಾಡು. ಫೋಟೋ ಲೇಯರಿನ (ಲೇಯರ್ ಅಂದರೆ ಒಂದರ ಮೇಲೊಂದು ಇಡೋ ಪಾರದರ್ಶಕ ಪದರ) ಒಪ್ಯಾಸಿಟಿ, ಅಂದರೆ ಗಾಢತೆ, ಶೇ. 25–30ಕ್ಕೆ ಇಳಿಸಿ, ಮೇಲೆ ಗೆರೆಗೆ ಒಂದು ಲೇಯರ್, ಗೆರೆಯ ಕೆಳಗೆ ಬಣ್ಣಕ್ಕೆ ಒಂದು. ಬೆರಳು ಗೆರೆಯ ತುದಿಯನ್ನು ಮುಚ್ಚೋದರಿಂದ ಸ್ಟೆಬಿಲೈಸರ್ (ಗೆರೆಯ ನಡುಕ ತಗ್ಗಿಸೋ ಸೆಟ್ಟಿಂಗ್) ಹೆಚ್ಚಿಡು, ಚಿತ್ರ ದೊಡ್ಡದು ಮಾಡಿಕೊಂಡು ಒಂದೊಂದು ಮುಳ್ಳನ್ನು ಒಂದೇ ಎಳೆತಕ್ಕೆ ಮುಗಿಸು.

ಆಗಾಗ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ನೋಡು, ಆಚೆ ಕಣ್ಣು ಜಾರಿದ್ದರೆ ಆಗ ಕಾಣುತ್ತೆ. ಕಂಪ್ಯೂಟರ್ ಸಿಕ್ಕರೆ ಕ್ರಿಟಾ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರ್ ಉಚಿತ, ಅದರಲ್ಲಿ ಎಂ ಕೀ ಒತ್ತಿದರೆ ಸಾಕು. ಹಾಳೆಯಲ್ಲಾದರೆ ಹಿಂದು ಮುಂದು ಮಾಡಿ ಬೆಳಕಿಗೆ ಹಿಡಿ. ಸೇವ್ ಮಾಡುವಾಗ ಪಿಎನ್‌ಜಿ ಆರಿಸು, ಜೆಪಿಜಿಯಲ್ಲಿ ಕೆಂಪು ಬೂಟಿನ ಅಂಚು ಮಸುಕಾಗುತ್ತೆ.