‘ಸೆಕ್ಯೂರ್ ಟೆನ್ಯೂರ್’: ಹಿಡುವಳಿ ಭದ್ರತೆಯೋ, ನೆಲೆಭದ್ರತೆಯೋ?

ಮಾನ್ಯರೇ,

ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬಯಿಗೆ ಬಂದು, ಬೆಳಗಾದರೆ ನಾಕಾದಲ್ಲಿ (ಕೂಲಿಯವರು ಕೆಲಸಕ್ಕಾಗಿ ಕಾಯುವ ರಸ್ತೆ ಕೂಡಿನಲ್ಲಿ) ನಿಂತು ಕೂಲಿ ಹಿಡಿಯುವ ಕಟ್ಟಡ ಕಾರ್ಮಿಕರಿಗಾಗಿ ನಾವು ಕೆಲವರು ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇವೆ. ಅದರಲ್ಲಿ ಪದೇ ಪದೇ ಬರುವ ‘ಸೆಕ್ಯೂರ್ ಟೆನ್ಯೂರ್’ (ಇರುವ ಜಾಗದಿಂದ ಬಲವಂತವಾಗಿ ಎಬ್ಬಿಸದಂತೆ ಇರುವ ರಕ್ಷಣೆ) ಎಂಬುದಕ್ಕೆ ಒಪ್ಪುವ ಪದ ಯಾವುದೆಂಬುದು ನನ್ನ ಪ್ರಶ್ನೆ.

ಟೆನ್ಯೂರ್ ಎಂದರೆ ‘ಅಧಿಕಾರಾವಧಿ’ ಅಥವಾ ‘ಹಿಡುವಳಿ’ ಎಂಬುದು ರೂಢಿಯ ಅರ್ಥ. ಮೊದಲನೆಯದು ಅಧ್ಯಕ್ಷರಿಗೂ ಕುಲಪತಿಗಳಿಗೂ ಸಲ್ಲುವ ಮಾತು. ಎರಡನೆಯದನ್ನು ಕೇಳಿದೊಡನೆ ನೆನಪಾಗುವುದು ಪಹಣಿ, ಸರ್ವೆ ನಂಬರು, ಎಕರೆ ಗುಂಟೆಗಳು. ಹತ್ತಡಿ ಅಗಲದ ಜೋಪಡಿಯಲ್ಲಿ ಇರುವವನನ್ನು ಹಿಡುವಳಿದಾರ ಎಂದು ಕರೆದರೆ ಅವನೇ ನಕ್ಕಾನು. ‘ಒಡೆತನದ ಭದ್ರತೆ’ ಎಂದು ಬರೆಯುವವರೂ ಇದ್ದಾರೆ, ಆದರೆ ಅದು ಅರ್ಥವನ್ನೇ ಕೆಡಿಸುತ್ತದೆ. ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಸಮಿತಿಯು 1991ರಲ್ಲಿ ವಸತಿಯ ಹಕ್ಕನ್ನು ವಿವರಿಸುವಾಗ, ಬಾಡಿಗೆಯಾಗಲಿ, ಸಹಕಾರಿ ವಸತಿಯಾಗಲಿ, ಸ್ವಂತ ಮನೆಯಾಗಲಿ, ಅನಧಿಕೃತ ಬಡಾವಣೆಯಾಗಲಿ, ಯಾವ ಬಗೆಯ ವಾಸವಿದ್ದರೂ ಬಲವಂತದ ತೆರವು ಮತ್ತು ಕಿರುಕುಳದ ವಿರುದ್ಧ ಕಾನೂನಿನ ರಕ್ಷಣೆ ಇರಬೇಕೆಂದು ಹೇಳಿತು. ಇಲ್ಲಿ ಮಾಲೀಕನಾಗುವ ಮಾತೇ ಇಲ್ಲ. ಮಹಾರಾಷ್ಟ್ರದ 1971ರ ಕೊಳೆಗೇರಿ ಕಾಯ್ದೆಯಡಿ, 2000ದ ಜನವರಿ 1ಕ್ಕೆ ಮೊದಲಿನಿಂದ ಇದ್ದ ಜೋಪಡಿಗಳವರಿಗೆ ಸಿಕ್ಕಿರುವುದೂ ನೆಲದ ಒಡೆತನವಲ್ಲ, ಪುನರ್ವಸತಿಯಿಲ್ಲದೆ ಎಬ್ಬಿಸಬಾರದೆಂಬ ರಕ್ಷಣೆ ಮಾತ್ರ. ಅವರ ಕೈಯಲ್ಲಿರುವ ಫೋಟೋಪಾಸನ್ನು (ಜೋಪಡಿಯಲ್ಲಿ ವಾಸವಿರುವುದಕ್ಕೆ ಸರಕಾರ ಕೊಟ್ಟ ಫೋಟೋ ಸಹಿತ ಗುರುತುಚೀಟಿಯನ್ನು) ಹಕ್ಕುಪತ್ರ ಎಂದು ಅನುವಾದಿಸಿದರೆ ನಾಳೆ ಯಾರಾದರೂ ಅದನ್ನು ನಂಬಿ ಮೋಸಹೋಗಬಹುದು.

ಈ ಕಲ್ಪನೆ ಕನ್ನಡಕ್ಕೆ ಹೊಸತೇನಲ್ಲ. ಕರಾವಳಿಯಲ್ಲಿ ಹಿಂದೆ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಗಳಿದ್ದವು. ಮೂಲಗೇಣಿಯವನು ಗೊತ್ತುಪಡಿಸಿದ ಗೇಣಿಯನ್ನು ಕೊಡುತ್ತಿರುವಷ್ಟು ಕಾಲ ಧಣಿ ಅವನನ್ನು ಬಿಡಿಸುವಂತಿರಲಿಲ್ಲ, ಮಕ್ಕಳ ಕಾಲಕ್ಕೂ ಅದು ಮುಂದುವರಿಯುತ್ತಿತ್ತು. ಚಾಲಗೇಣಿಯವನಿಗೆ ಮುಂದಿನ ವರ್ಷದ ಭರವಸೆ ಇರಲಿಲ್ಲ. ಒಡೆತನವಿಲ್ಲದೆಯೂ ನೆಲೆ ಗಟ್ಟಿಯಾಗಿರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಆದರೆ ಗೇಣಿಯೇ ಇಲ್ಲದ ಸರಕಾರಿ ಜಾಗಕ್ಕೆ ಆ ಪದವನ್ನು ಎಳೆದು ತರುವುದು ಹೇಗೆ? ಕಲಬುರಗಿಯವರಿಗೆ ಅದರ ಪರಿಚಯವೂ ಕಡಿಮೆ.

ಇನ್ನೊಂದು ದಾರಿ ‘ಒಕ್ಕಲೆಬ್ಬಿಸು’ ಎಂಬ ಕ್ರಿಯಾಪದದ್ದು. ಉಡುಪಿ ಕಡೆಯ ಮುಂಬಯಿಗರು ಗೃಹಪ್ರವೇಶಕ್ಕೆ ಇಂದಿಗೂ ‘ಮನೆ ಒಕ್ಕಲು’ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಒಕ್ಕಲುತನವೆಂದರೆ ಬೇಸಾಯ. ಹೀಗೆ ಅರ್ಥ ಊರೂರಿಗೆ ಬೇರೆಯಾದರೂ ‘ಒಕ್ಕಲೆಬ್ಬಿಸಿದರು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದ್ದರಿಂದ ಶೀರ್ಷಿಕೆಯಲ್ಲಿ ‘ನೆಲೆಭದ್ರತೆ’ ಎಂದಿಟ್ಟು, ಮೊದಲ ಸಲ ಬಂದಾಗ ‘ಕಾನೂನಿನ ಕ್ರಮವಿಲ್ಲದೆ ಒಕ್ಕಲೆಬ್ಬಿಸಲಾಗದಂಥ ನೆಲೆ’ ಎಂದು ಬಿಡಿಸಿ ಹೇಳುವುದು ಸದ್ಯಕ್ಕೆ ನನ್ನ ಒಲವು.

ಇದಕ್ಕೆ ಹೊಂದಿಕೊಂಡೇ ‘ಸೋಶಿಯಲ್ ಪ್ರೊಟೆಕ್ಷನ್’ನ ತೊಡಕೂ ಇದೆ. ಕಾರ್ಮಿಕರಿಗೆ ಸಂಬಂಧಿಸಿದ ಕೇಂದ್ರದ 2020ರ ಸಂಹಿತೆಯ ಹೆಸರಿನಲ್ಲಿ ‘ಸಾಮಾಜಿಕ ಭದ್ರತೆ’ ಎಂದಿರುವುದರಿಂದ ಪಿಂಚಣಿ, ವಿಮೆ, ಹೆರಿಗೆ ಸವಲತ್ತುಗಳಿಗೆ ಅದನ್ನೇ ಉಳಿಸಿಕೊಂಡು, ಹೆಚ್ಚು ವಿಶಾಲವಾದ ಅರ್ಥಕ್ಕೆ ‘ಸಾಮಾಜಿಕ ರಕ್ಷಣೆ’ ಎನ್ನಬಹುದು. ಒಂದೇ ವಾಕ್ಯದಲ್ಲಿ ಎರಡೆರಡು ‘ಭದ್ರತೆ’ ಬರುವುದೂ ತಪ್ಪುತ್ತದೆ. ನೆಲೆಭದ್ರತೆ, ಸಾಮಾಜಿಕ ರಕ್ಷಣೆ ಇವೆರಡನ್ನೂ ಒಟ್ಟಿಗೆ ಇಡಲು ಕಾರಣವಿದೆ. 1985ರಲ್ಲಿ, ಮುಂಬಯಿಯ ಫುಟ್‌ಪಾತ್ ವಾಸಿಗಳ ತೆರವನ್ನು ಪ್ರಶ್ನಿಸಿದ ಓಲ್ಗಾ ಟೆಲಿಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಜೀವನೋಪಾಯದ ಹಕ್ಕು ಬದುಕುವ ಹಕ್ಕಿನಲ್ಲಿಯೇ ಸೇರಿದೆ ಎಂದಿತು. ಮುಂಬಯಿಯ ಫುಟ್‌ಪಾತಿನಿಂದ ಎಬ್ಬಿಸಿದರೆ ಕೆಲಸವೂ ಕೈತಪ್ಪುತ್ತದೆಂಬುದನ್ನು ಒಪ್ಪಿತು. ಆದರೂ ಫುಟ್‌ಪಾತಿನಲ್ಲಿ ವಾಸಿಸುವ ಹಕ್ಕನ್ನು ಅದು ಕೊಡಲಿಲ್ಲ, ತೆರವನ್ನು ಮಳೆಗಾಲದ ನಂತರಕ್ಕೆ ಮುಂದೂಡಿತು, ಅಷ್ಟೆ.

ಕೊನೆಗೆ ಒಂದು ಸಣ್ಣ ಸಂದೇಹ. ಯಾರಿಗೆ ಪುನರ್ವಸತಿ ಸಲ್ಲುತ್ತದೆ, ಯಾರಿಗಿಲ್ಲ ಎಂದು ತಿಳಿಸುವ ಯಾದಿಯ ಮರಾಠಿಯ ‘ಪಾತ್ರ’, ‘ಅಪಾತ್ರ’ಗಳನ್ನು ಇಲ್ಲಿಯ ಕನ್ನಡಿಗರು ‘ನಮ್ದು ಪಾತ್ರ ಆತು, ಅವರದು ಅಪಾತ್ರ ಆತು’ ಎಂದು ಹಾಗೆಯೇ ಆಡುತ್ತಾರೆ. ಕೈಪಿಡಿಯಲ್ಲಿ ‘ಅರ್ಹ’, ‘ಅನರ್ಹ’ ಎಂದು ತಿದ್ದಿದರೆ, ಕಚೇರಿಯ ಗೋಡೆಗೆ ಅಂಟಿಸಿದ ಮರಾಠಿ ಯಾದಿಯಲ್ಲಿ ತಮ್ಮ ಹೆಸರಿನ ಮುಂದೆ ಏನಿದೆಯೆಂದು ಓದಿಕೊಳ್ಳಲು ಅವರಿಗೆ ತೊಡಕಾಗುವುದಿಲ್ಲವೇ? ಮರಾಠಿ ಪದಗಳನ್ನೇ ಇಟ್ಟು ಪಕ್ಕದಲ್ಲಿ ಕನ್ನಡದ ಅರ್ಥ ಕೊಡುವುದು ಲೇಸೆಂದು ನನಗೆ ತೋರುತ್ತದೆ. ಬೆಳಗಾವಿ, ಬೀದರ ಕಡೆಯವರ ಅನುಭವವೇನು?