ಪ್ಲಾಸ್ಟಿಕ್ ಫೈಬರ್ ಫ್ಲೋ ಮೀಟರ್: ವಾಲ್ವ್ ತಿರುಗಿಸಿದರೂ 100 ಹರ್ಟ್ಜ್ ಕದಲುತ್ತಿಲ್ಲ

ತೋಟದ_ಸರ್ಕ್ಯೂಟ್: ಮೂರು ರಾತ್ರಿ ಹಾಳಾಯಿತು. ಡ್ರಿಪ್ ಲೈನಿನ 25 ಮಿಮೀ ಪೈಪಿಗೆ ಅಡ್ಡಲಾಗಿ 4 ಮಿಮೀ ನೈಲಾನ್ ಟ್ಯೂಬ್, ಅದರೊಳಗೆ 1 ಮಿಮೀ ಪ್ಲಾಸ್ಟಿಕ್ ಫೈಬರ್. ಒಂದು ತುದಿಗೆ ಕೆಂಪು ಎಲ್‌ಇಡಿ, ಇನ್ನೊಂದಕ್ಕೆ ಬೆಳಕು ಅಳೆಯುವ ಫೋಟೋಡಯೋಡ್. ನೀರು ದಾಟುವಾಗ ಟ್ಯೂಬಿನ ಹಿಂದೆ ಸುಳಿ ಏಳುತ್ತೆ, ಟ್ಯೂಬ್ ನಡುಗುತ್ತೆ, ಫೈಬರ್ ಬಾಗಿ ಬೆಳಕು ಏರಿಳಿಯುತ್ತೆ. ಅದನ್ನು ಎಣಿಸಿದರೆ ವೇಗ ಸಿಗಬೇಕು. ನನಗೆ ಸಿಗುತ್ತಿರುವುದು ಬರೀ 100 ಹರ್ಟ್ಜ್. ವಾಲ್ವ್ ಅರ್ಧ ಮುಚ್ಚಿದರೂ 100! ಲೆಕ್ಕದಲ್ಲಿ ಸೆಕೆಂಡಿಗೆ 2 ಮೀಟರ್. ಆದರೆ 20 ಲೀಟರ್ ಬಕೆಟ್ ತುಂಬಲು ಪೂರ್ತಿ ಒಂದು ನಿಮಿಷ ಬೇಕು. ಕೋಡ್ ಸರಿಯಿದೆ, ಅದನ್ನು ಮಾತ್ರ ಕೇಳಬೇಡಿ.

ಮೋಟಾರ್‌ಮೇಷ್ಟ್ರು: ಪಂಪಿನ ನಡುಕ. ಕಣ್ಣು ಮುಚ್ಚಿ ಹೇಳುತ್ತೇನೆ. ಕೆಳಗೆ ರಬ್ಬರ್ ಹಾಕಿ.

ಸುಳಿಗಾಳಿ: ಬಕೆಟ್ ಲೆಕ್ಕದಲ್ಲಿ ವೇಗ ಸೆಕೆಂಡಿಗೆ 0.68 ಮೀಟರ್. ಸ್ಟ್ರೌಹಾಲ್ ಸಂಖ್ಯೆ (ನೀರಿನ ವೇಗ, ಟ್ಯೂಬಿನ ದಪ್ಪದಿಂದ ಸುಳಿಯ ಹರ್ಟ್ಜ್ ಲೆಕ್ಕ ಹಾಕುವ ಅಂಕಿ) 0.2 ಹಿಡಿದರೆ 34 ಹರ್ಟ್ಜ್ ಬರಬೇಕು. ಪಂಪ್ ನಿಲ್ಲಿಸಿದಾಗ ಎಷ್ಟು ಬರುತ್ತೆ?

ಮೋಟಾರ್‌ಮೇಷ್ಟ್ರು: ರಬ್ಬರ್ ಹಾಕಿದ್ರಾ?

ಸುಳಿಗಾಳಿ: ಮೇಷ್ಟ್ರೇ, 2880 ಆರ್‌ಪಿಎಂ ಮೋಟಾರಿಗೆ 48 ಹರ್ಟ್ಜ್. ದುಪ್ಪಟ್ಟು ಮಾಡಿದರೂ 96.

ಮೋಟಾರ್‌ಮೇಷ್ಟ್ರು: 96ಕ್ಕೂ 100ಕ್ಕೂ ಏನು ಮಹಾ?

ಅಡ್ಡಕಡ್ಡಿ: 34 ತಪ್ಪು. ಆ ಟ್ಯೂಬ್ ಪೈಪಿನ ದಾರಿಯಲ್ಲಿ ಐದರಲ್ಲೊಂದು ಪಾಲು ತಿಂದುಬಿಟ್ಟಿದೆ. ಪಕ್ಕದಲ್ಲಿ ನೀರು ಜೋರಾಗಿ ನುಗ್ಗುತ್ತೆ. 40ರ ಮೇಲೇ ಬರಬೇಕು.

ಗ್ರೇಟಿಂಗ್_ಗೌಡ: ಪ್ಲಾಸ್ಟಿಕ್ ಫೈಬರ್ ಅಂದ್ರೆ ಆಟಿಕೆ. ನಾನು ಬಳಸುವುದು ಬ್ರಾಗ್ ಗ್ರೇಟಿಂಗ್, ಅಂದ್ರೆ ಒಂದೇ ತರಂಗಾಂತರದ ಬೆಳಕನ್ನು ವಾಪಸ್ ಕಳಿಸುವ ಫೈಬರ್, 1550 ನ್ಯಾನೋಮೀಟರ್. ಒಂದು ಡಿಗ್ರಿ ಬಿಸಿಗೆ ಆ ತರಂಗಾಂತರ ಸುಮಾರು 10 ಪಿಕೋಮೀಟರ್ ಸರಿಯುತ್ತೆ, ಅದನ್ನೂ ಓದುತ್ತೇನೆ.

ಸುಳಿಗಾಳಿ: ಅದನ್ನು ಓದುವ ಪೆಟ್ಟಿಗೆಯ ದುಡ್ಡಿಗೆ ತೋಟಕ್ಕೆ ಬೇಲಿ ಹಾಕಿಸಬಹುದು ಗೌಡ್ರೇ.

ತೋಟದ_ಸರ್ಕ್ಯೂಟ್: ಪಂಪ್ ನಿಲ್ಲಿಸಿದೆ. ಆಗಲೂ 100!!

ಸುಳಿಗಾಳಿ: ಶೆಡ್ಡಿನಲ್ಲಿ ಲೈಟ್ ಉರಿಯುತ್ತಿದೆಯಾ?

ತೋಟದ_ಸರ್ಕ್ಯೂಟ್: ಉರಿಯದೆ? ನಮಗೆ ತ್ರೀ ಫೇಸ್ ಕೊಡೋದೇ ರಾತ್ರಿ. ಹಳೇ ಚೋಕ್ ಟ್ಯೂಬ್‌ಲೈಟ್, ಪೈಪಿನ ಮೇಲೇ ಇದೆ.

ಸುಳಿಗಾಳಿ: ಅದೇ ಕಳ್ಳ. 50 ಹರ್ಟ್ಜ್ ಕರೆಂಟಿಗೆ ಆ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಫೈಬರಿಗೆ ಕಪ್ಪು ಹೊದಿಕೆ ಇದೆ ತಾನೆ?

ತೋಟದ_ಸರ್ಕ್ಯೂಟ್: ಬೇಕಿತ್ತಾ?

ತೋಟದ_ಸರ್ಕ್ಯೂಟ್: ಹೊರಗಿದ್ದ ಫೈಬರಿಗೆಲ್ಲ ಕಪ್ಪು ಟೇಪ್ ಸುತ್ತಿದೆ. ಫೋಟೋಡಯೋಡ್ ಮೇಲೆ ಬಾಟಲಿ ಮುಚ್ಚಳ ಕವುಚಿ ಅದಕ್ಕೂ ಟೇಪ್. 100 ಮಾಯ! ಪಂಪ್ ಹಾಕಿದರೆ ಈಗ 48 ಬರುತ್ತಿದೆ.

ಮೋಟಾರ್‌ಮೇಷ್ಟ್ರು: 48! ಮೊದಲೇ ಹೇಳಲಿಲ್ವಾ?

ಅಡ್ಡಕಡ್ಡಿ: 40ರ ಮೇಲೆ ಅಂದಿದ್ದು ನಾನು.

ಸುಳಿಗಾಳಿ: ವಾಲ್ವ್ ಅರ್ಧ ಮುಚ್ಚಿ ನೋಡಿ. ಇಳಿದರೆ ಅದು ನೀರು. ಕದಲದಿದ್ದರೆ ಮೇಷ್ಟ್ರು ಗೆದ್ದರು.

ತೋಟದ_ಸರ್ಕ್ಯೂಟ್: ಈಗಷ್ಟೇ ಕರೆಂಟ್ ಹೋಯಿತು. ನಾಳೆ ರಾತ್ರಿ ಹೇಳುತ್ತೇನೆ.